ಮಿಚಿಕೊಳ ಆಟದ ಪೆಟ್ಟಿಗೆ

ಸೀಬ್ ವಿಮಾನ ನಿಲ್ದಾಣ

ಮಸ್ಕತ್ತಿಗೆ ಕಾಲಿಟ್ಟು ನಾನು ಮೊದಲು ಓದಿದ್ದು ಕನ್ನಡ ಅಕ್ಷರ, ಅದನ್ನು ಬರೆದವಳು ಒಬ್ಬ ಜಪಾನೀ ಹೆಂಗಸು ಎಂದರೆ ಮೂಲ್ಕಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಅದು ಎಂಬತ್ತರ ದಶಕದ ಕೊನೆ. ತಂಗಿ ಪುಷ್ಪಳ ಬಾಣಂತನಕ್ಕೆಂದು ಶಾಲೆಗೆ ರಜೆ ಹಾಕಿ ಹೊರಟಿದ್ದೆ. ಅಮ್ಮ ತೀರಿಕೊಂಡಾಗ ಪುಷ್ಪಳಿಗೆ ನಾಲ್ಕು ವರ್ಷ, ನನಗೆ ಹದಿನಾಲ್ಕು. ಆಮೇಲೆ ಅವಳಿಗೆ ಅಕ್ಕನೂ ನಾನೇ, ಅಮ್ಮನೂ ನಾನೇ. ನನ್ನ ಮದುವೆ ಕೂಡಿಬರಲಿಲ್ಲ, ಅವಳದ್ದನ್ನು ಮಾಡಿ ಕಳಿಸಿದೆ. ಹೆರಿಗೆಗೆ ಇನ್ನೂ ಹತ್ತು ದಿನ ಇದೆ ಎಂದು ಲೆಕ್ಕ ಹಾಕಿ ಬೊಂಬಾಯಿಯಲ್ಲಿ ವಿಮಾನ ಹತ್ತಿದ್ದೆ.

ಕಸ್ಟಮ್ಸಿನಲ್ಲಿ ನನ್ನ ಚೀಲ ತೆರೆಸಿದರು. ಕುಚ್ಚಲಕ್ಕಿ, ಕೊಬ್ಬರಿ ಎಣ್ಣೆ, ಕಷಾಯದ ಪುಡಿ, ಬಾಣಂತಿ ಲೇಹದ ದೊಡ್ಡ ಭರಣಿ. ಬಿಳಿ ನಿಲುವಂಗಿಯ ಅಧಿಕಾರಿ ಲೇಹದ ಮುಚ್ಚಳ ತೆಗೆದು ಮೂಸಿ, ಪಕ್ಕದವನಿಗೂ ಮೂಸಲು ಕೊಟ್ಟ. ಇಬ್ಬರೂ ನನ್ನನ್ನೇ ನೋಡಿದರು. ಯಾವ ಭಾಷೆಯೂ ಬಾಯಿಗೆ ಬರದೆ ನಾನು ಎರಡೂ ಕೈ ಜೋಡಿಸಿ ಮಗು ತೂಗುವಂತೆ ಮಾಡಿದೆ. ಅವನ ಮುಖ ಅರಳಿತು. "ಮಬ್ರೂಕ್" ಎಂದು ಶುಭ ಹೇಳಿ, ಭರಣಿಯನ್ನು ತಾನೇ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

ಹೊರಗೆ ತಂಗಿಯ ಗಂಡ ಸುಧಾಕರ ಕಾಣಲಿಲ್ಲ. ಕತ್ತರಿಸಿದ ಗಿಡ್ಡ ಕೂದಲಿನ, ನನ್ನದೇ ವಯಸ್ಸಿನ ಹೆಂಗಸೊಬ್ಬಳು ರಟ್ಟಿನ ತುಂಡೊಂದನ್ನು ಎದೆಗೆ ಹಿಡಿದು ನಿಂತಿದ್ದಳು. ಅದರ ಮೇಲೆ "ಅಕ್ಕ" ಎಂದಿತ್ತು. ಒತ್ತಕ್ಷರ ಎಡಕ್ಕೆ ಜಾರಿತ್ತು. ಒಂದನೇ ತರಗತಿಯ ಟೀಚರಾದ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ತಪ್ಪು.

"ಗಿರಿಜಾ-ಸಾನ್?" ಎಂದು ಜಪಾನೀ ರೀತಿಯಲ್ಲಿ ಗೌರವದಿಂದ ಕರೆದು ಅವಳು ಬಗ್ಗಿ ನಮಸ್ಕರಿಸಿದಳು. "ನಾನು ಮಿಚಿಕೊ. ಮಗು ಬಂತು. ನಿನ್ನೆ ಬೆಳಿಗ್ಗೆ. ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ. ನಾನು ಅಲ್ಲೇ ಇದ್ದೆ."

ಅವಳು ಆಡಿದ್ದು ಇಂಗ್ಲಿಷಿನಲ್ಲಿ. ನಾವು ಮನೆಯಲ್ಲಿ ಆಡುವುದು ತುಳು. ಎರಡನ್ನೂ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೆ "ನಾನು ಅಲ್ಲೇ ಇದ್ದೆ" ಎಂಬುದು ಯಾವ ಭಾಷೆಯಲ್ಲಿ ಕೇಳಿದರೂ ನನಗೆ ಅಷ್ಟೇ ಚುಚ್ಚುತ್ತಿತ್ತು. ನಾನು ಎತ್ತಬೇಕಿದ್ದ ಮಗುವನ್ನು ನನಗಿಂತ ಮೊದಲು ಇವಳು ಎತ್ತಿದ್ದಳು. ಆಸ್ಪತ್ರೆಯವರೆಗೆ ಅವಳೇ ಕಾರು ಬಿಟ್ಟಳು. ಬೋಳು ಗುಡ್ಡಗಳ ನಡುವೆ ರಸ್ತೆ ತಟ್ಟೆ ತೊಳೆದಿಟ್ಟಂತೆ ನುಣುಪಾಗಿತ್ತು.

ರುವಿ

ಪುಷ್ಪಳ ಮನೆ ಮಸ್ಕತ್ತಿನ ರುವಿಯಲ್ಲಿ, ಮೂರನೇ ಮಹಡಿ. ಊರಲ್ಲಿ ಬಾಣಂತಿಗೆ ಹಂಡೆ ತುಂಬ ನೀರು ಕಾಯಿಸಿ ಬಚ್ಚಲಲ್ಲಿ ಕೂರಿಸಿ ಎರೆಯುತ್ತೇವೆ. ಇಲ್ಲಿ ಗೋಡೆಯ ನಲ್ಲಿ ತಿರುಗಿಸಿದರೆ ಕುದಿಯುವ ನೀರು. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುತ್ತದಂತೆ. ಹಂಡೆ, ಒಲೆ, ಹೊಗೆ ಯಾವುದೂ ಬೇಡವಾದ ಮನೆಯಲ್ಲಿ ನನ್ನ ಅರ್ಧ ಕೆಲಸ ಮೊದಲೇ ಮುಗಿದುಹೋಗಿತ್ತು.

ಬಾಣಂತಿಯ ಕೋಣೆಯಲ್ಲಿ, ಮಂಚದ ಎದುರಿಗೆ, ಒಂದು ಚಿಕ್ಕ ಟಿವಿ. ಅದರ ಕೆಳಗೆ ಕೆಂಪು ಬಿಳಿ ಬಣ್ಣದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ನಮ್ಮ ಸಾಂಬಾರ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಆಸ್ಪತ್ರೆಯಿಂದ ಬಂದ ಮೂರನೇ ದಿನ ಪುಷ್ಪ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಆ ಪೆಟ್ಟಿಗೆಯ ಬದಿಯಿಂದ ವಯರಿದ್ದ ಚಪ್ಪಟೆ ಹಿಡಿಕೆಯೊಂದನ್ನು ಎಳೆದು, ಟಕಟಕ ಒತ್ತತೊಡಗಿದಳು. ಪರದೆಯ ಮೇಲೆ ಬೆನ್ನಿಗೆ ಎರಡು ಬಲೂನು ಕಟ್ಟಿಕೊಂಡ ಗೊಂಬೆ ಕೈ ಬಡಿಯುತ್ತಾ ಹಾರಿತು.

"ಎಂತ ಇದು ಪುಷ್ಪಾ, ಬಾಣಂತಿ ಕಣ್ಣಿಗೆ ಆಯಾಸ ಮಾಡ್ಬಾರ್ದು ಅಂತ ಗೊತ್ತಿಲ್ವಾ?" ಎಂದೆ.

"ಸ್ವಲ್ಪ ಹೊತ್ತು ಅಕ್ಕ. ಇದು ಮಿಚಿಕೊ ಅಕ್ಕನದ್ದು. ನಿಂಗೂ ಕಲಿಸ್ತೇನೆ, ಬಾ."

ಮಿಚಿಕೊ ಅಕ್ಕ. ನನ್ನ ಎದುರಿಗೇ.

ವಿಷಯ ಇಷ್ಟು. ಪುಷ್ಪ ಖುರುಮಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಅಲ್ಲಿನ ಜಪಾನೀ ಎಂಜಿನಿಯರೊಬ್ಬರ ಹೆಂಡತಿ ಈ ಮಿಚಿಕೊ. ಮಕ್ಕಳಿಲ್ಲ. ಜಪಾನಿನ ಆಟ ಇಲ್ಲಿನ ಟಿವಿಯಲ್ಲಿ ಮೂಡುವುದಿಲ್ಲವೆಂದು ಪೆಟ್ಟಿಗೆಯ ಜೊತೆ ತನ್ನ ದೇಶದ ಟಿವಿಯನ್ನೂ ತಂದು ಇಟ್ಟುಹೋಗಿದ್ದಳು. ದಿನ ಬಿಟ್ಟು ದಿನ ಬರುತ್ತಿದ್ದಳು. ಬಂದವಳೇ ಚಪ್ಪಲಿ ಬಿಟ್ಟು, ಅದನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು, "ವನಸ್ ಆಂಡಾ?" ಎಂದು ತುಳುವಿನಲ್ಲಿ ನನ್ನ ಊಟ ವಿಚಾರಿಸುತ್ತಿದ್ದಳು. ಅಕ್ಕಪಕ್ಕದ ಮನೆಯ ನಮ್ಮ ಕಡೆಯ ಹೆಂಗಸರು ಅದನ್ನು ಕೇಳಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಒಂದು ಸಂಜೆ ಮೂವರೂ ಆಡಿದೆವು. ಹಿಡಿಕೆಗಳು ಎರಡು. ಆಟ ಶುರು ಮಾಡುವ ಗುಂಡಿ ಒಂದನೆಯದರಲ್ಲಿ ಮಾತ್ರ. ನನ್ನ ಕೈಗೆ ಬಂದದ್ದು ಎರಡನೆಯದು. ಎರಡು ಗೊಂಬೆಗಳು ಒಂದೇ ಪಕ್ಷ, ಸೇರಿಕೊಂಡು ಎದುರಾಳಿ ಹಕ್ಕಿಗಳ ಬಲೂನು ಒಡೆಯಬೇಕು. ಆದರೆ ಜೊತೆಗಾರರ ಬಲೂನನ್ನೂ ಒಡೆಯಬಹುದೆಂದು ನನಗೆ ಬೇಗ ತಿಳಿಯಿತು. ಮಿಚಿಕೊಳ ಸರದಿ ಬಂದಾಗ ಹಕ್ಕಿಗಳನ್ನು ಬಿಟ್ಟು ಅವಳ ನೆತ್ತಿಯ ಮೇಲೆಯೇ ಇಳಿದೆ. ಒಂದು ಬಲೂನು ಹೋಯಿತು. ಇನ್ನೊಂದೂ ಹೋಯಿತು. ಅವಳ ಗೊಂಬೆ ನೀರಿಗೆ ಬಿತ್ತು.

"ಅಯ್ಯೋ, ಅವಳು ನಮ್ಮ ಕಡೆ ಅಕ್ಕ," ಎಂದಳು ಪುಷ್ಪ.

"ಗೊತ್ತಾಗ್ಲಿಲ್ಲ," ಎಂದೆ. ಮಿಚಿಕೊ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮುಂದಿನ ಆಟದಲ್ಲೂ ನಾನು ಅದನ್ನೇ ಮಾಡಿದೆ. ಆಗ ಅವಳು ನಗಲಿಲ್ಲ, ನನ್ನ ಮುಖವನ್ನು ಒಮ್ಮೆ ನೋಡಿದಳು.

ಖುರುಮ್

ಅವಳು ನನ್ನನ್ನು ಚಹಾಕ್ಕೆ ಕರೆದಳು. ಹೋಗುವುದಿಲ್ಲ ಎನ್ನಲು ನೆಪ ಸಿಗಲಿಲ್ಲ. ಖುರುಮಿನ ಅವಳ ಮನೆಯ ಹಿಂದಿನ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ನಮ್ಮ ಕಡಲೇ, ಆದರೆ ಸೂರ್ಯ ಇಲ್ಲಿ ಕಡಲಿನ ಬದಿಗೆ ಇಳಿಯುವುದಿಲ್ಲ, ಬೆನ್ನ ಹಿಂದಿನ ಗುಡ್ಡಕ್ಕೆ ಇಳಿಯುತ್ತಾನೆ. ಏನೋ ತಿರುಚಿಟ್ಟಂತೆ ಅನಿಸುತ್ತಿತ್ತು.

ಚಹಾ ಹಸಿರಾಗಿ, ಹಾಲೂ ಸಕ್ಕರೆಯೂ ಇಲ್ಲದೆ, ನಮ್ಮ ಕಷಾಯಕ್ಕಿಂತ ಒಂದು ಗುಟುಕು ಮೇಲು ಎನ್ನುವಂತಿತ್ತು. ಗೋಡೆಯ ಮೇಲೆ ಒಂದು ಫೋಟೋ. ಕಡಲ ದಂಡೆಯಲ್ಲಿ ಪುಷ್ಪ ಸೀರೆ ಮೊಣಕಾಲಿಗೆ ಎತ್ತಿ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದಾಳೆ. ಅಂಥ ನಗುವನ್ನು ನಾನು ಮನೆಯಲ್ಲಿ ಎಂದೂ ನೋಡಿರಲಿಲ್ಲ.

ನಾನು ಫೋಟೋದಿಂದ ಕಣ್ಣು ತೆಗೆಯದ್ದನ್ನು ಕಂಡು ಮಿಚಿಕೊ ಮಾತು ಬದಲಿಸಿದಳು. ಒಂದು ಪುಟ್ಟ ಡಬ್ಬಿಯಿಂದ ಇಸ್ಪೀಟಿನ ಅರ್ಧದಷ್ಟಿರುವ ಎಲೆಗಳನ್ನು ಹರಡಿದಳು. ಒಂದೊಂದರ ಮೇಲೂ ಹೂವು, ಚಂದ್ರ, ಜಿಂಕೆ.

"ಆ ಆಟದ ಪೆಟ್ಟಿಗೆ ಮಾಡಿದವರು ಮೊದಲು ಮಾಡುತ್ತಿದ್ದದ್ದು ಇದು. ನನ್ನ ಅಜ್ಜಿಯ ಊರು ಕ್ಯೋಟೊ. ಕಂಪನಿಯೂ ಅಲ್ಲಿಯದೇ. ಅಜ್ಜಿ ಈ ಎಲೆಗಳಲ್ಲಿ ಆಡುತ್ತಿದ್ದಳು, ಮೋಸವನ್ನೂ ಮಾಡುತ್ತಿದ್ದಳು."

ಅವಳು ನಿಧಾನವಾಗಿ, ಪದ ಹುಡುಕಿ ಹುಡುಕಿ ಹೇಳಿದ್ದು ಇದು. ೧೯೮೩ರ ಬೇಸಿಗೆಯಲ್ಲಿ ಪೆಟ್ಟಿಗೆ ಜಪಾನಿನ ಅಂಗಡಿಗಳಿಗೆ ಬಂತು. ಬಡವರೂ ಕೊಳ್ಳುವಂತಿರಬೇಕೆಂದು ಹಿಡಿಕೆಯ ವಯರನ್ನು ಪೆಟ್ಟಿಗೆಗೇ ಸೇರಿಸಿ ಬಿಗಿದಿದ್ದರು, ಬೇರೆ ಮಾಡುವಂತಿಲ್ಲ. ಎರಡನೆಯ ಹಿಡಿಕೆಯಲ್ಲಿ ಶುರು ಮಾಡುವ ಗುಂಡಿಯ ಬದಲು ಮಾತಾಡಲು ಒಂದು ಪುಟ್ಟ ಮೈಕ್ ಇಟ್ಟಿದ್ದರು. ಕಂಪನಿಯ ಯಜಮಾನರಿಗೆ ಆ ಕೆಂಪು ಬಣ್ಣ ಇಷ್ಟವಿತ್ತಂತೆ. ಆದರೆ ಮೊದಲ ಕಂತಿನ ಪೆಟ್ಟಿಗೆಗಳು ಆಟದ ನಡುವೆ ಸ್ತಬ್ಧವಾಗಿ ನಿಂತುಬಿಡುತ್ತಿದ್ದವು. ಕಂಪನಿ ಅವನ್ನೆಲ್ಲ ವಾಪಸು ತರಿಸಿಕೊಂಡು ಒಳಗಿನ ಬೋರ್ಡನ್ನೇ ಬದಲಿಸಿ ಕೊಟ್ಟಿತು. ಮೊದಲಿನ ಗುಂಡಿಗಳು ಚೌಕದ ರಬ್ಬರಿನವು, ಮೂಲೆ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ದುಂಡಗಿನವು ಬಂದವು.

"ನಮ್ಮದು ಮೊದಲ ಕಂತಿನದು," ಎಂದಳು. "ನನ್ನ ಗಂಡನೇ ಸಾಲಿನಲ್ಲಿ ನಿಂತು ತಂದದ್ದು. ಕಂಪನಿಗೆ ಕಳಿಸಿದೆವು. ಒಳಗೆ ಹೊಸದು. ಗುಂಡಿ ಮಾತ್ರ ಹಳೆಯದು. ಪುಷ್ಪಳ ಬೆರಳಿಗೆ ಅದು ಅಭ್ಯಾಸವಾಗಿದೆ."

ನನ್ನ ತಂಗಿಯ ಬೆರಳಿಗೆ ಏನು ಅಭ್ಯಾಸ ಎಂದು ಇವಳು ನನಗೆ ಹೇಳುತ್ತಿದ್ದಳು. ಎರಡನೇ ಕಪ್ಪು ಬೇಡವೆಂದು ಎದ್ದುಬಿಟ್ಟೆ.

ಮತ್ತೆ ರುವಿ

ಇವರಿಬ್ಬರಿಗಿಂತ ಚೆನ್ನಾಗಿ ಆಡಬೇಕು ಎಂಬ ಹಟ ನನಗೆ ಹಿಡಿಯಿತು. ಬೆಳಗಿನ ಹೊತ್ತು, ಸುಧಾಕರ ಕೆಲಸಕ್ಕೆ ಹೋಗಿ, ಬಾಣಂತಿಯೂ ಮಗುವೂ ಮಲಗಿದ ಮೇಲೆ, ಟಿವಿಯ ಧ್ವನಿ ಅಡಗಿಸಿ ಒಬ್ಬಳೇ ಅಭ್ಯಾಸ ಮಾಡತೊಡಗಿದೆ.

ಪೆಟ್ಟಿಗೆಯ ವಯರು ಗೋಡೆಗೆ ಹೋಗುವ ಮೊದಲು ಇಟ್ಟಿಗೆಯಷ್ಟು ತೂಕದ ಒಂದು ಕಬ್ಬಿಣದ ಡಬ್ಬಿಯ ಮೂಲಕ ಹೋಗುತ್ತಿತ್ತು. ಟಿವಿಗೆ ಅಂಥದೇ ಬೇರೊಂದಿತ್ತು. ಒಂದು ದಿನ ಕಸ ಗುಡಿಸುವಾಗ ಅದನ್ನು ಕಿತ್ತು ಬದಿಗಿಟ್ಟೆ. ಅದು ಯಾಕಿದೆ ಎಂದು ನಾನು ಕೇಳಿದವಳಲ್ಲ. ಆಮೇಲೆ ಪೆಟ್ಟಿಗೆಯ ಪ್ಲಗ್ಗನ್ನು ಇಲ್ಲಿನ ಗೋಡೆಗೆ ಹೊಂದುವ ಇನ್ನೊಂದು ಪ್ಲಗ್ಗಿಗೆ ಸಿಕ್ಕಿಸಿ ನೇರ ಗೋಡೆಗೇ ಹಾಕಿದೆ. ಟಪ್ ಎಂದಿತು. ಸುಟ್ಟ ವಾಸನೆ ಕೋಣೆ ತುಂಬಿತು.

ಪುಷ್ಪ ಎದ್ದು ಕೂತಳು. ಏನಾಯಿತೆಂದು ನೋಡಿದವಳು ಮಂಚದಿಂದ ಇಳಿದು, ಹೊಲಿಗೆಯ ನೋವನ್ನೂ ಲೆಕ್ಕಿಸದೆ ನೆಲದ ಮೇಲೆ ಕೂತು ಪೆಟ್ಟಿಗೆಯನ್ನು ಮಡಿಲಿಗೆ ಎತ್ತಿಕೊಂಡಳು. ಆಮೇಲೆ ಅತ್ತಳು. ನಾನು ಕಂಡಂತೆ ಅವಳು ಹಾಗೆ ಅತ್ತದ್ದು ಅಮ್ಮನ ಹದಿಮೂರನೇ ದಿನ, ಎಲ್ಲರೂ ಹೊರಟುಹೋದ ಮೇಲೆ.

"ಒಂದು ಆಟದ ಸಾಮಾನಿಗೆ ಹೀಗೆ ಅಳುವುದಾ? ಹಾಲು ಕೆಡ್ತದೆ ಮಾರಾಯ್ತಿ," ಎಂದೆ.

"ನಿಂಗೆ ಗೊತ್ತಾಗುದಿಲ್ಲ ಅಕ್ಕ," ಎಂದಳು. "ದಯವಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗು."

ನಾನು ಅಡಿಗೆಮನೆಗೆ ಹೋದೆ. ಸಂಜೆ ಬಂದ ಸುಧಾಕರ ವಯರು ಬಿಚ್ಚಿ ನೋಡಿದರು. ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರ ರಿಪೇರಿ ವಿಭಾಗದಲ್ಲಿ ಅವರಿಗೆ ಕೆಲಸ. "ಜಪಾನಿನ ಕರೆಂಟ್ ನೂರು ವೋಲ್ಟ್ ಅಕ್ಕ, ಇಲ್ಲಿಯದು ಇನ್ನೂರನಲವತ್ತು. ಆ ಭಾರದ ಡಬ್ಬಿ ಅದಕ್ಕೇ ಇದ್ದದ್ದು. ವಯರಿನ ತುದಿಯ ಅಡಾಪ್ಟರ್ ಮಾತ್ರ ಸತ್ತದ್ದು, ಪೆಟ್ಟಿಗೆಗೆ ಎಂತದೂ ಆಗ್ಲಿಲ್ಲ," ಎಂದರು. ಮರುದಿನವೇ ಬೇರೆ ಅಡಾಪ್ಟರ್ ತಂದು ಸರಿ ಮಾಡಿದರು. ಪೆಟ್ಟಿಗೆ ಸರಿಯಾಯಿತು. ಪುಷ್ಪ ನನ್ನೊಟ್ಟಿಗೆ ಬೇಕಾದಷ್ಟೇ ಮಾತಾಡಿದಳು.

ಎರಡು ದಿನ ಕಳೆದು ಸುಧಾಕರ ಹೇಳಿದರು, "ನಾಳೆ ನಂಗೆ ರಿಪೇರಿ ಕೆಲಸಕ್ಕೆ ಇಬ್ರಿ ಊರಿಗೆ ಹೋಗ್ಲಿಕ್ಕುಂಟು. ನೀವೂ ಬನ್ನಿ ಅಕ್ಕ, ಮಸ್ಕತ್ತಿನ ಹೊರಗೆ ನೀವು ಎಂತದೂ ನೋಡ್ಲಿಲ್ಲ. ಮನೆಯಲ್ಲಿ ಮಿಚಿಕೊ ಇರ್ತಾರೆ."

ಇಬ್ರಿ

ಬೆಳಿಗ್ಗೆ ಹೊರಟೆವು. ರುಸೈಲಿನ ಕಾರ್ಖಾನೆಗಳು ಹಿಂದೆ ಬಿದ್ದವು. ಆಮೇಲೆ ಗಂಟೆಗಟ್ಟಲೆ ಕಲ್ಲು ಗುಡ್ಡ, ಅಲ್ಲಲ್ಲಿ ಖರ್ಜೂರದ ತೋಟ, ನೀರಿಲ್ಲದ ಹೊಳೆ. ಸೇತುವೆಯೂ ಇಲ್ಲದೆ ರಸ್ತೆ ಹೊಳೆಯೊಳಗೇ ಇಳಿದು ಹತ್ತುವುದನ್ನು ಅಲ್ಲಿಯೇ ನೋಡಿದ್ದು.

ನಿಜ್ವಾ ದಾಟಿದ ಮೇಲೆ ಸುಧಾಕರ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, "ಅಕ್ಕ, ಒಂದು ಮಾತು. ಪುಷ್ಪ ಹೇಳ್ಬೇಡಿ ಅಂತ ಹೇಳಿದ್ದಾಳೆ. ಆದ್ರೂ ಹೇಳ್ತೇನೆ."

ನಾನು ಅವರ ಕಡೆ ತಿರುಗಿದೆ.

"ಈ ಮಗು ನಮ್ಗೆ ಎರಡನೇದ್ದು. ಮೊದಲನೇದ್ದು ಎರಡು ವರ್ಷ ಹಿಂದೆ, ಐದನೇ ತಿಂಗಳಲ್ಲಿ ಹೋಯ್ತು. ನಾನಾಗ ರುಸೈಲಿನಲ್ಲಿ ಇದ್ದದ್ದು, ಫ್ಯಾಕ್ಟ್ರಿಯಲ್ಲಿ ಶಿಫ್ಟು. ಇವಳಿಗೆ ಆಫೀಸಲ್ಲೇ ನೋವು ಶುರುವಾಯ್ತಂತೆ. ಅಲ್ಲಿಗೆ ಯಾವುದೋ ಕೆಲಸಕ್ಕೆ ಬಂದಿದ್ದ ಮಿಚಿಕೊ ಕಾರಲ್ಲಿ ಹಾಕ್ಕೊಂಡು ಹೋದ್ರು. ಅದಕ್ಕೆ ಮೊದ್ಲು ಅವರಿಬ್ಬರು ಮಾತಾಡಿದವರೂ ಅಲ್ಲ. ನಾನು ಆಸ್ಪತ್ರೆಗೆ ಮುಟ್ಟುವಾಗ ಎಲ್ಲ ಮುಗಿದಿತ್ತು."

"ಮತ್ತೆ?"

"ಜ್ವರ ಬಂತು. ಇವಳು ಕಣ್ಣು ಮುಚ್ಚಿಕೊಂಡೇ 'ಅಕ್ಕ, ಅಕ್ಕ' ಅಂತ ಕರೀತಿದ್ಲು. ಮಿಚಿಕೊಗೆ ಆ ಶಬ್ದ ಎಂತ ಅಂತ ಗೊತ್ತಿಲ್ಲ. ತನ್ನನ್ನೇ ಕರೀತಾಳೆ ಅಂತ ತಿಳ್ಕೊಂಡು ಪ್ರತಿ ಸರ್ತಿ 'ಹೌದು, ಇದ್ದೇನೆ' ಅಂತ ಹೇಳ್ತಿದ್ರು. ಹಾಗೆ ಆ ಹೆಸರು ಬಿದ್ದದ್ದು."

ಹೊರಗೆ ಒಂಟೆಗಳ ಸಾಲೊಂದು ಹೋಯಿತು. ಅವರು ಮುಂದುವರಿಸಿದರು. ಮನೆಗೆ ಬಂದ ಮೇಲೆ ಪುಷ್ಪ ಊಟ ಬಿಟ್ಟಳು, ಮಾತು ಬಿಟ್ಟಳು. ಸಮಾಧಾನದ ಮಾತು ಯಾವ ಭಾಷೆಯಲ್ಲಿ ಹೇಳಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಮಿಚಿಕೊ ಟಿವಿಯನ್ನೂ ಆಟದ ಪೆಟ್ಟಿಗೆಯನ್ನೂ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬಂದಳು. ಏನೂ ಹೇಳದೆ ಒಂದು ಹಿಡಿಕೆಯನ್ನು ಪುಷ್ಪಳ ಕೈಯಲ್ಲಿಟ್ಟು, ಇನ್ನೊಂದನ್ನು ತಾನು ಹಿಡಿದು ಪಕ್ಕದಲ್ಲಿ ಕೂತಳು. ಮೊದಲ ಎರಡು ದಿನ ಪುಷ್ಪ ಗುಂಡಿ ಒತ್ತಲಿಲ್ಲ, ಅವಳ ಗೊಂಬೆ ನಿಂತಲ್ಲೇ ಸಾಯುತ್ತಿತ್ತು. ಮೂರನೇ ದಿನ ಒತ್ತಿದಳು. ವಾರ ಕಳೆದ ಮೇಲೆ ಗೆದ್ದಳು. ಗೆದ್ದ ದಿನ ಅನ್ನ ಕೇಳಿದಳು.

"ನಂಗೆ ಯಾಕೆ ಒಂದು ಗೆರೆ ಬರೀಲಿಲ್ಲ?" ಎಂದು ಕೇಳಿದೆ.

"ಬರ್ದಿದ್ಲು. ಪೋಸ್ಟಿಗೆ ಹಾಕ್ಲಿಲ್ಲ. ಆ ವಾರವೇ ನಿಮ್ಮ ಕಾಗದ ಬಂದಿತ್ತು."

ಯಾವ ಕಾಗದವೆಂದು ಅವರು ಹೇಳಬೇಕಾಗಲಿಲ್ಲ. 'ನಿನಗೇನು ಪುಷ್ಪಾ, ದೊರೆಯ ಮಗಳಂತೆ ಇದ್ದಿ. ನಿನಗೆ ನಮ್ಮ ಕಷ್ಟ ಎಲ್ಲಿ ಗೊತ್ತಾಗಬೇಕು' ಎಂದು ಬರೆದಿದ್ದೆ. ಬರೆಯುವಾಗ ನನಗೆ ಬಹಳ ಸಮಾಧಾನವಾಗಿತ್ತು.

ಇಬ್ರಿಯ ಅಂಗಡಿಯಲ್ಲಿ ಸುಧಾಕರ ಕೆಟ್ಟುಹೋದ ಆಟದ ಪೆಟ್ಟಿಗೆಗಳನ್ನು ಬಿಚ್ಚುತ್ತಾ ಕೂತರು. ಅಂಗಡಿಯ ಮುದುಕ ಯಜಮಾನ ನನ್ನನ್ನು ಗೌರವದಿಂದ ಕೂರಿಸಿ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟ. ಕುಡಿದು ಬಟ್ಟಲು ಕೊಟ್ಟೆ, ತುಂಬಿ ಕೊಟ್ಟ. ಮತ್ತೆ ಕುಡಿದೆ, ಮತ್ತೆ ತುಂಬಿದ. ನನ್ನ ಮನಸ್ಸು ಅಲ್ಲಿರಲಿಲ್ಲ. ಆರನೇ ಬಟ್ಟಲಿಗೆ ಸುಧಾಕರ ತಲೆಯೆತ್ತಿ, "ಬಟ್ಟಲು ಅಲ್ಲಾಡಿಸಿ ಕೊಡ್ಬೇಕು ಅಕ್ಕ. ಇಲ್ಲದಿದ್ರೆ ಅವರು ಹಾಕ್ತಾನೇ ಇರ್ತಾರೆ," ಎಂದರು. ಮುದುಕ ನಗಲಿಲ್ಲ. ನನ್ನ ಕೈಯಿಂದ ಬಟ್ಟಲನ್ನು ಮೆತ್ತಗೆ ತೆಗೆದುಕೊಂಡು, ತಾನೇ ಒಮ್ಮೆ ಅಲ್ಲಾಡಿಸಿ ತೋರಿಸಿ, ಖರ್ಜೂರದ ತಟ್ಟೆಯನ್ನು ಮುಂದೆ ಸರಿಸಿದ.

ಅಲ್ಲಿ ರಿಪೇರಿಗೆ ಬಂದವೆಲ್ಲ ಮಿಚಿಕೊಳ ಪೆಟ್ಟಿಗೆಯಂತೆಯೇ ಇದ್ದವು. "ತೈವಾನಿನ ನಕಲು," ಎಂದರು ಸುಧಾಕರ. "ಇಲ್ಲಿಯ ಟಿವಿಗೆ ಸರಿಹೊಂದುದು ಇದೇ. ಅಸಲಿಗಿಂತ ಹೆಚ್ಚು ಖರ್ಚಾಗುದೂ ಇದೇ."

ವಾಪಸು ಬರುವಾಗ ನನಗೆ ಮಿಚಿಕೊಳ ಮೇಲೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿತೆಂದು ಬರೆದರೆ ಸುಳ್ಳಾಗುತ್ತದೆ. ಹುಟ್ಟಿದ್ದು ಮೊದಲಿಗಿಂತ ದೊಡ್ಡ ಹೊಟ್ಟೆಕಿಚ್ಚು. ಪುಷ್ಪ ಕರೆದದ್ದು ನನ್ನನ್ನು, ಓಗೊಟ್ಟವಳು ಅವಳು. ಆ ಓಗೊಡುವಿಕೆಯನ್ನು ಇನ್ನು ಯಾರೂ ನನಗೆ ತಂದುಕೊಡಲಾರರು.

ರುವಿಯ ಬಚ್ಚಲು

ಮರುದಿನ ಪುಷ್ಪಳಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದೆ. ಅವಳ ಬೆನ್ನು ನನ್ನ ಕಡೆಗಿತ್ತು. ಹಾಗಿದ್ದರಿಂದಲೇ ಮಾತು ಹೊರಟಿತು.

"ಆ ಕಾಗದ ನೀನು ಹಾಕಬೇಕಿತ್ತು."

ಅವಳ ಬೆನ್ನು ಬಿಗಿಯಾಯಿತು. ಕೇಳಿದಳು, "ಹಾಕಿದ್ರೆ ನೀನು ಬರ್ತಿದ್ದೆಯಾ?"

"ಪಾಸ್‌ಪೋರ್ಟ್ ಇರ್ಲಿಲ್ಲ."

"ಮತ್ತೆ?"

"ಅಲ್ಲಿಂದಲೇ ಅಳ್ತಿದ್ದೆ. ನೀನೊಬ್ಳೇ ಅಳುದು ತಪ್ತಿತ್ತು."

ಅವಳು ತಿರುಗಲಿಲ್ಲ. ಕೈ ಹಿಂದಕ್ಕೆ ಚಾಚಿ ನನ್ನ ಎಣ್ಣೆ ಕೈಯನ್ನು ಹಿಡಿದುಕೊಂಡಳು. ನಲ್ಲಿ ಹರಿಯುತ್ತಲೇ ಇತ್ತು.

ಖುರುಮ್, ಎರಡನೇ ಸಲ

ಮಿಚಿಕೊಳ ಗಂಡನಿಗೆ ವಾಪಸು ಜಪಾನಿಗೆ ವರ್ಗವಾಗಿತ್ತು. ಹೊರಡುವ ಎರಡು ದಿನ ಮೊದಲು ಅವಳು ಬೀಳ್ಕೊಳ್ಳಲು ರುವಿಗೆ ಬಂದಳು. ಪೆಟ್ಟಿಗೆಯೂ ಟಿವಿಯೂ ಇಲ್ಲೇ ಇರಲಿ ಎಂದಳು. ಪುಷ್ಪ ಮಗುವಿಗೆ ಹಾಲೂಡಿಸಲು ಒಳಗೆ ಹೋದಾಗ ಮಿಚಿಕೊ ನನ್ನ ಹತ್ತಿರ ಬಂದು ಕೂತು ಕೇಳಿದಳು, "ಗಿರಿಜಾ-ಸಾನ್, ಪುಷ್ಪ ಚಿಕ್ಕವಳಿದ್ದಾಗ ಹೇಗಿದ್ದಳು? ಅವಳಿಗೆ ನೆನಪಿಲ್ಲವಂತೆ. ನಿಮಗೆ ಗೊತ್ತು."

ಹೇಳಲು ನನ್ನಲ್ಲಿ ಅವಳು ಹುಟ್ಟಿದಂದಿನಿಂದ ಮದುವೆಯಾಗಿ ಹೋಗುವವರೆಗಿನ ಇಪ್ಪತ್ತನಾಲ್ಕು ವರ್ಷಗಳಿದ್ದವು. ಅವಳಲ್ಲಿ ಇಲ್ಲದ್ದು, ನನ್ನಲ್ಲಿ ಇದ್ದದ್ದು ಅದೊಂದೇ.

"ಎಲ್ಲ ಮಕ್ಕಳ ಹಾಗೆಯೇ ಇದ್ದಳು," ಎಂದೆ.

ಅವಳು ಇನ್ನೂ ಏನಾದರೂ ಬರುತ್ತದೆಂದು ಕಾದಳು. ಬರಲಿಲ್ಲ. ತಲೆಯಾಡಿಸಿ, ಬಾಗಿಲಲ್ಲಿ ಬಗ್ಗಿ ನಮಸ್ಕರಿಸಿ ಹೋದಳು.

ಆ ದಿನವೆಲ್ಲ ಗೆದ್ದವಳಂತೆ ಓಡಾಡಿದೆ. ಮರುದಿನ ಶುಕ್ರವಾರ, ಅಲ್ಲಿಯ ವಾರದ ರಜೆ. ಬೆಳಿಗ್ಗೆ ಮಗುವಿನ ಬಟ್ಟೆ ಒಣಹಾಕುತ್ತಿದ್ದವಳಿಗೆ ಕೈ ಮುಂದೆ ಸಾಗಲಿಲ್ಲ. ಜ್ವರದಲ್ಲಿ ಕರೆದವಳಿಗೆ ಅರ್ಥ ಗೊತ್ತಿಲ್ಲದೆಯೂ ಓಗೊಟ್ಟವಳು ಒಂದೇ ಒಂದು ಪ್ರಶ್ನೆ ಕೇಳಿದ್ದಳು. ಅರ್ಥ ಗೊತ್ತಿದ್ದೂ ನಾನು ಉತ್ತರ ಕೊಟ್ಟಿರಲಿಲ್ಲ. ರಜೆಯಲ್ಲಿದ್ದ ಸುಧಾಕರರಿಗೆ ಬಾಣಂತಿಯನ್ನು ಒಪ್ಪಿಸಿ, ಕೆಳಗೆ ಇಳಿದು, ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬಳೇ ಟ್ಯಾಕ್ಸಿ ಹತ್ತಿದೆ. "ಖುರುಮ್" ಎಂದೆ. ಆ ಮುದುಕ ಡ್ರೈವರ್ ಖುರುಮಿನ ಅಂಗಡಿಗಳ ಮುಂದೆ ನಿಲ್ಲಿಸಿ "ಖಲಾಸ್" ಎಂದುಬಿಟ್ಟ. ಮನೆಯ ಹೆಸರು, ದಾರಿ ಯಾವುದೂ ನನಗೆ ಗೊತ್ತಿಲ್ಲ. ಕೊನೆಗೆ ಎರಡೂ ಕೈಯಿಂದ ಅಲೆ ಮಾಡಿ ತೋರಿಸಿದೆ. "ಬಹರ್?" ಎಂದು ಕೇಳಿ ಕಡಲ ಕಡೆಗೆ ಹೊರಟ. ಮನೆಯ ಕಿಟಕಿ ಗುರುತು ಹಿಡಿಯುವವರೆಗೂ ದಂಡೆಯುದ್ದಕ್ಕೂ ನಿಧಾನವಾಗಿ ಕಾರು ಬಿಟ್ಟ.

ಮನೆ ತುಂಬ ರಟ್ಟಿನ ಡಬ್ಬಿಗಳು. ಕುರ್ಚಿಗಳು ಹೋಗಿದ್ದವು. ಮಿಚಿಕೊ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಬಾಗಿಲು ತೆರೆದಳು. ನಾನು ಒಳಗೆ ಹೋಗುವ ಮೊದಲೇ ಹೇಳಿದೆ, "ನಿನ್ನೆ ನಾನು ಸುಳ್ಳು ಹೇಳಿದೆ. ಅವಳು ಎಲ್ಲ ಮಕ್ಕಳ ಹಾಗೆ ಇರಲಿಲ್ಲ."

ನೆಲದ ಮೇಲೆ ಕೂತೆವು. ಮೊದಲ ದಿನ ಶಾಲೆಯಿಂದ ಓಡಿಬಂದು ಬಟ್ಟೆ ಇಡುವ ಪೆಟ್ಟಿಗೆಯೊಳಗೆ ಅಡಗಿ ನಿದ್ದೆಹೋದದ್ದನ್ನು ಹೇಳಿದೆ. ಮೀನಿನ ಬುಟ್ಟಿಯ ಏಡಿಗೆ ಹೆಸರಿಟ್ಟು ಅದನ್ನು ಸಾರು ಮಾಡಬಾರದೆಂದು ಅಪ್ಪನ ಕಾಲು ಹಿಡಿದದ್ದನ್ನು, ಅಮ್ಮ ಎಲ್ಲಿ ಎಂದು ಕೇಳುವುದನ್ನು ಒಂದು ದಿನ ತಾನಾಗಿ ನಿಲ್ಲಿಸಿದ್ದನ್ನು ಹೇಳಿದೆ. ಇಂಗ್ಲಿಷ್ ಸಿಗದಲ್ಲಿ ಎದ್ದು ನಿಂತು ಮಾಡಿ ತೋರಿಸಿದೆ. ಏಡಿಯಾಗಿ ನಡೆದಾಗ ಮಿಚಿಕೊ ನಗು ತಡೆಯಲಾರದೆ ನೆಲಕ್ಕೆ ಒರಗಿದಳು. ಅಮ್ಮನ ಮಾತು ಬಂದಾಗ ಅತ್ತಳು, ನಾನೂ ಅತ್ತೆ. ಪುಷ್ಪ ಹೀಗೆ ಇವಳ ಪಕ್ಕದಲ್ಲಿ ಯಾಕೆ ಕೂತಿದ್ದಳೆಂದು ಆಗ ತಿಳಿಯಿತು. ತಿಳಿದು ಮತ್ತೂ ಕಿಚ್ಚೆನಿಸಿತು.

"ಇನ್ನೂ?" ಎಂದು ಅವಳು ಕೇಳಿದಳು, ಕಥೆ ಮುಗಿಯಬಾರದೆನ್ನುವ ಮಕ್ಕಳಂತೆ.

ಇನ್ನೊಂದಿತ್ತು. ಒಂದು ಮಧ್ಯಾಹ್ನದ ಸಂಗತಿ, ಪುಷ್ಪಳಿಗೆ ಆಗ ಐದು ವರ್ಷವಿರಬೇಕು. ಅದು ನನ್ನ ಬಾಯಿಯವರೆಗೂ ಬಂತು.

"ಅಷ್ಟೇ," ಎಂದೆ. "ಎಲ್ಲ ಹೇಳಿದೆ."

ಮಿಚಿಕೊ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಗಿರಬೇಕು, ಅವಳು ಮತ್ತೆ ಕೇಳಲಿಲ್ಲ. ಬಾಗಿಲವರೆಗೆ ಬಂದು ಈ ಸಲ ಬಗ್ಗದೆ, ನಮ್ಮಂತೆ ಕೈ ಮುಗಿದಳು. ಆ ಮಧ್ಯಾಹ್ನವನ್ನು ನಾನು ಅವಳಿಗೆ ಕೊಡಲಿಲ್ಲ. ನಿಮಗೂ ಕೊಡುವುದಿಲ್ಲ.